ಮೂರು ದಿನದ ವಜ್ರ

"ಏನ್ ಡಾಕ್ಟ್ರೇ, ಹಸು ಹಲ್ಲು ನೋಡ್ದಂಗೆ ನೋಡ್ತಿದೀಯಲ್ಲ!" ಮೋನಿಕಾ ಅವನ ಕಿವಿಯ ಹತ್ತಿರ ಪಿಸುಗುಟ್ಟಿದಳು.

ಕುಣಿಗಲ್ಲಿನ ದನದ ಡಾಕ್ಟರು ಮಲ್ಲಿಕಾರ್ಜುನ್, ಕಣ್ಣಿಗೊತ್ತಿಕೊಂಡಿದ್ದ ಭೂತಗನ್ನಡಿ ಕೆಳಗಿಡದೆಯೇ ನಕ್ಕ. "ಹಸು ಬಾಯಿ ಬಿಟ್ರೆ ವಯಸ್ಸು ಹೇಳ್ಬೋದು ಕಣೇ. ಇದು ಬಾಯೇ ಬಿಡ್ತಿಲ್ಲ."

ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿ. ಮಾಲೀಕ ಹನುಮಂತರಾಜು ಕಾಗದದ ಪೊಟ್ಟಣ ಬಿಚ್ಚಿ ಒಂಬತ್ತು ವಜ್ರ ಹರಡಿದ್ದ. ಬೆಳ್ಳಗೆ ಮೆರೆಯುತ್ತಿದ್ದ ಎಂಟನ್ನೂ ಬಿಟ್ಟು ಮೋನಿಕಾ ಚಹಾದ ಬಣ್ಣದ ನೆರಳಿದ್ದ ಪುಟ್ಟದೊಂದನ್ನು ತೋರಿಸಿದಳು.

"ಇದು. ಇದಕ್ಕೆ ಸ್ವಲ್ಪ ಸಿಟ್ಟಿದೆ."

"ಮನೇಲಿ ಒಂದಿದ್ರೆ ಸಾಲ್ದಾ?" ಎಂದ ಮಲ್ಲಿಕಾರ್ಜುನ್. ಅವನ ಓರೆಗಣ್ಣು ಅವಳ ಕೆನ್ನೆಯ ಮೇಲೆ ಒಂದು ಕ್ಷಣ ಹೆಚ್ಚಿಗೇ ನಿಂತಿತು. ನಾಲ್ಕು ವರ್ಷ ಎರಡೂ ಮನೆಯ ಜೊತೆ ಗುದ್ದಾಡಿ ಗೆದ್ದ ನಿಶ್ಚಿತಾರ್ಥ. ಅದಕ್ಕೆ ಇನ್ನು ಇಪ್ಪತ್ತೇ ದಿನ.

"ಒಳ್ಳೇ ಕಣ್ಣು ಮೇಡಂ ನಿಮ್ದು," ಎಂದ ಹನುಮಂತರಾಜು. "ಉಂಗುರಕ್ಕೆ ಕೂರಿಸೋಕೆ ಮುಂಚೆ ಮೂರು ದಿನ ಮನೇಲಿಟ್ಕೊಳಿ. ವಜ್ರ ಎಲ್ರಿಗೂ ಆಗಿಬರಲ್ಲ. ಹಾಕ್ಕೊಳೋರ ಹತ್ರಾನೇ ಇರ್ಬೇಕು. ಕೆಟ್ಟ ಕನಸು, ಕಾಯಿಲೆ ಏನಾದ್ರೂ ಬಂತೋ, ವಾಪಸ್ ತನ್ನಿ. ಬೇರೆ ಕೊಡ್ತೀನಿ."

ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮೋನಿಕಾಗೆ ನಗು ಬಂತು. "ಇಂಗಾಲಕ್ಕೂ ಪರೀಕ್ಷೇನಾ? ಆಯ್ತು, ಕೊಡಿ," ಎಂದು ಕೈ ಚಾಚಿದಳು.

ಅವಳ ಕೈಗಿಂತ ಮೊದಲು ಅವನ ಕೈ ಹೋಯಿತು. ಪೊಟ್ಟಣ ಅವನ ಜೇಬು ಸೇರಿತು.

"ನಮ್ಮನೇಲಿರ್ಲಿ ಬಿಡು. ಅಮ್ಮ ದೇವರ ಮನೇಲಿಡ್ಬೇಕು ಅಂದ್ರು."

"ಹಾಕ್ಕೊಳೋಳು ನಾನಲ್ವಾ?"

"ಅದಲ್ಲ ಮೋನಿ... ನಿಮ್ಮ ಕಡೆ..."

ಅವನು ನುಂಗಿಕೊಂಡ. ನುಂಗಿದ್ದು ಏನೆಂದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ನಿಮ್ಮ ಕಡೆ ಅಂದರೆ ನಿಟ್ಟೂರಿನ ರೈಲು ಹಳಿಯಾಚೆಯ ಕಾಲೋನಿ. ಬಾಡಿಗೆ ಮನೆ ಕೇಳಿದಾಗ, ನೀರಿನ ಲೋಟ ಬೇರೆ ಇಟ್ಟಾಗ, ಜನ ಇದೇ ಎರಡು ಪದಕ್ಕೆ ಬಂದು ನಿಲ್ಲುತ್ತಿದ್ದರು. ಯುಗಗಟ್ಟಲೆ ಮಣ್ಣಲ್ಲಿ ಹೂತಿದ್ದ ಕಲ್ಲು. ಯಾವ ಜಾತಿಯ ಕೂಲಿ ಅಗೆದು ತೆಗೆದನೋ, ಯಾರ ಬೆವರಿನ ಬೆರಳು ಅದನ್ನು ಉಜ್ಜಿತೋ. ಅಷ್ಟಕ್ಕೆಲ್ಲ ಕೆಡದ ಕಲ್ಲು ಅವಳ ಮನೆಯಲ್ಲಿ ಮೂರು ದಿನ ಇದ್ದರೆ ಕೆಡುತ್ತದೆ!

"ಸುಳಿ ನೋಡಿ ಎತ್ತು ಕೊಳ್ಳೋ ಜನ. ಚೆನ್ನಾಗಿ ನೋಡ್ಕೊಳಿ, ನೀವು," ಎಂದಳು. ನಾಲ್ಕು ವರ್ಷದಲ್ಲಿ ಅವನಿಗೆ ಮೊದಲ ಸಲ 'ನೀವು' ಎಂದಳು. ಅವನು ಹಿಂದೆ ಓಡಿಬರುವಷ್ಟರಲ್ಲಿ ಗುಬ್ಬಿ ಬಸ್ಸು ಹತ್ತಿಯಾಗಿತ್ತು.

ಮೊದಲ ದಿನ ಅವನ ಇಪ್ಪತ್ತು ಕಾಲ್ ಬಂತು. ಎತ್ತಲಿಲ್ಲ. ಎರಡನೇ ದಿನ ಒಂದೂ ಬರಲಿಲ್ಲ. ಅದೇ ಹೆಚ್ಚು ಸುಟ್ಟಿತು.

ಗ್ರಹಣಕ್ಕೆ ಹೆದರಬಾರದು ಅಂತ ಮಕ್ಕಳಿಗೆ ಪಾಠ ಹೇಳುವವಳು, ಸ್ಟಾಫ್ ರೂಮಿನಲ್ಲಿ ಯಾರ ಫೋನ್ ಗುರುಗುಟ್ಟಿದರೂ ಬೆಚ್ಚಿಬೀಳುತ್ತಿದ್ದಳು. ಯಡಿಯೂರಿನ ಅವನ ಮನೆಯ ಹೊಸಿಲನ್ನು ಅವಳಿನ್ನೂ ದಾಟಿಲ್ಲ. ಆದರೂ ಅವನ ತಾಯಿ ದಾಕ್ಷಾಯಣಮ್ಮನ ಕಾಲು ಉಳುಕದಿರಲಿ, ತಂದೆ ಮಹಾದೇವಯ್ಯನವರಿಗೆ ಒಂದು ಕೆಮ್ಮೂ ಬರದಿರಲಿ ಎಂದು ಬೇಡಿಕೊಳ್ಳುತ್ತಿದ್ದಳು. ಅಲ್ಲಿ ಏನೇ ಆದರೂ ಅದು ತನ್ನ ತಲೆಗೇ. ಹೀಗೆ ಬೇಡಿಕೊಳ್ಳುವಂತೆ ಮಾಡಿದವನ ಮೇಲೆ ಉರಿಯುತ್ತಿದ್ದಳು. ಉರಿಯುತ್ತಲೇ, ಅವನ ಅಂಗಿಯ ಡೆಟಾಲ್ ವಾಸನೆಗೆ ಹಂಬಲಿಸುತ್ತಿದ್ದಳು. ಥೂ, ಈ ಮನಸ್ಸಿಗೆ ಮಾನವೇ ಇಲ್ಲ.

ಮೂರನೇ ದಿನ ಭಾನುವಾರ. ಮಧ್ಯಾಹ್ನ ಅವನ ಬೈಕು ಮನೆ ಮುಂದೆ ನಿಂತಿತು. ಗಡ್ಡ ಬೋಳಿಸಿರಲಿಲ್ಲ.

"ಯಾರಿಗೇನಾಯ್ತು?" ಅವಳ ಬಾಯಿಂದ ಬಂದ ಮೊದಲ ಮಾತೇ ಅದು.

"ಯಾರಿಗೂ ಏನೂ ಆಗಿಲ್ಲ." ಅವನು ಹೆಲ್ಮೆಟ್ಟನ್ನು ಕೈಯಿಂದ ಕೈಗೆ ಬದಲಿಸಿದ. "ಅಮ್ಮ ಹಂಗೆ ಹೇಳಿರ್ಲಿಲ್ಲ ಮೋನಿ. ನಾನೇ ಸುಳ್ಳು ಹೇಳ್ದೆ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಬೆಳಗ್ಗೆ ದೇವರ ಮನೇಲಿ ಪೊಟ್ಟಣ ನೋಡಿದ್ರು. ಹುಡುಗಿ ಹತ್ರ ಇರ್ಬೇಕಾದ್ದು ಇಲ್ಯಾಕೆ ಬಂತು ಅಂದ್ರು. 'ಅವಳನ್ನೇ ತರ್ತೀನಿ ಅಂತ ನಾಲ್ಕು ವರ್ಷ ನಮ್ಮನ್ನ ಗೋಳು ಹುಯ್ಕೊಂಡೆ. ಒಂದು ಕಲ್ಲು ಅವರ ಮನೇಲಿಡೋಕೆ ಹೆದರಿದ್ಯಾ? ನಾನು ಹಳೇ ಕಾಲದೋಳು, ಒಪ್ಪೋಕೆ ಟೈಮ್ ಹಿಡೀತು. ಓದಿದೋನು, ನಿಂಗೇನ್ಲಾ ಆಗಿತ್ತು?' ಅಂದ್ರು."

ಮೂರು ದಿನದಿಂದ ಮೋನಿಕಾ ದಾಕ್ಷಾಯಣಮ್ಮನಿಗೆಂದು ಮಸೆದಿಟ್ಟ ಮಾತುಗಳೆಲ್ಲ ದಿಕ್ಕು ತಪ್ಪಿದವು. ಅತ್ತೆಯಾಗುವವಳ ಜೊತೆ ಜಗಳ ಆಡಬಹುದಿತ್ತು. ಇವನ ಜೊತೆ ಹೇಗೆ?

"ಹೇಳು. ನಿಂಗೇನಾಗಿತ್ತು?"

"ಗೊತ್ತಿಲ್ಲ. ಕೈ ತಾನಾಗೇ ಹೋಯ್ತು." ಅವನು ತನ್ನ ಕೈಯನ್ನೇ ನೋಡಿಕೊಂಡ. "ಅದೇ ಭಯ ನಂಗೆ. ಯೋಚ್ನೆ ಮಾಡಿ ಮಾಡಿದ್ದಲ್ಲ. ನಂಗಿಂತ ಮೊದ್ಲು ಕೈಗೇ ಗೊತ್ತಿತ್ತು."

ರೈಲೊಂದು ಕಿರುಚಿಕೊಂಡು ಹೋಯಿತು.

"ಇದನ್ನ ಒಳಗೆ ಹೋಗಿ ನಮ್ಮಪ್ಪಂಗೆ ಹೇಳು," ಎಂದಳು.

ಅವನ ಮುಖ ಬಿಳಿಚಿತು. ಆದರೂ ಶೂ ಬಿಚ್ಚಿದ.

ರೈಲ್ವೆ ಗ್ಯಾಂಗ್‌ಮನ್ ಆಗಿ ರಿಟೈರಾಗಿದ್ದ ಯಲ್ಲಯ್ಯ ಮಂಚದ ಮೇಲೆ ಪೇಪರ್ ಓದುತ್ತಿದ್ದ. ಮಲ್ಲಿಕಾರ್ಜುನ್ ನಿಂತೇ ಹೇಳಿದ. ಏನನ್ನೂ ಬಿಡಲಿಲ್ಲ, ಯಾರ ಮೇಲೂ ಹಾಕಲಿಲ್ಲ. ಮೋನಿಕಾಳ ತಾಯಿ ದೊಡ್ಡಗಂಗಮ್ಮ ಟೀವಿ ಆರಿಸಿ ಸೆರಗು ಬಾಯಿಗೊತ್ತಿಕೊಂಡಳು.

ಯಲ್ಲಯ್ಯ ಪೇಪರನ್ನು ನಿಧಾನಕ್ಕೆ ಮಡಿಸಿದ. "ಹಿಂಗೆ ಮಾಡಿದೋರ್ನ ಬೇಕಾದಷ್ಟು ನೋಡಿವ್ನಿ ಕಣಪ್ಪ. ಮಾಡ್ದೆ ಅಂತ ಮನೆತಂಕ ಬಂದು ಹೇಳ್ದೋನು ನೀನೇ ಮೊದಲ್ನೆಯೋನು. ಆದ್ರೆ ನಾನು ಸರಿ ಬುಡು ಅಂದ್ರೆ ಸರಿಹೋಗ್ತದಾ? ನೋವಾಗಿರೋದು ಅವಳಿಗೆ. ಅವಳನ್ನೇ ಕೇಳು."

ಮಲ್ಲಿಕಾರ್ಜುನ್ ತಿರುಗಿದ. ತುಂಟತನವೆಲ್ಲ ಇಳಿದುಹೋದ ಅವನ ಕಣ್ಣನ್ನು ಅವಳು ಮೊದಲ ಸಲ ನೋಡಿದಳು. ಎಷ್ಟು ಬೈದರೂ ಅಲ್ಲೇ ನಿಂತಿರುವ ಕಣ್ಣು. ಸಿಟ್ಟು ಇಳಿಯಲಿಲ್ಲ. ಪ್ರೀತಿಯೂ ಇಳಿಯಲಿಲ್ಲ.

"ಮದುವೆ ಆಗ್ತೀನಿ," ಎಂದಳು. "ಕ್ಷಮಿಸಿದೀನಿ ಅಂತ ಮಾತ್ರ ಅಂದ್ಕೋಬೇಡ. ಅದಿನ್ನೂ ಆಗಿಲ್ಲ."

"ಯಾವಾಗಾಗುತ್ತೆ?"

"ನಂಗೇನ್ ಗೊತ್ತು?" ಅವಳ ದನಿ ಒಡೆಯಿತು. "ಜೊತೇಲಿದ್ಕೊಂಡು ಕಾಯಿ."