ಒಲ್ಲದ ಪತ್ರಿಕೆ

ಪ್ರತಿದಿನ ಬೆಳಿಗ್ಗೆ ನೀವು ಪತ್ರಿಕೆ ಬಿಡಿಸುವುದು ಲೋಕವನ್ನು ನೋಡಲಿಕ್ಕೋ, ನಿಮ್ಮ ಮುಖವನ್ನೇ ನೋಡಿಕೊಳ್ಳಲಿಕ್ಕೋ? ಸಿಟ್ಟಾಗಬೇಡಿ. ಕನ್ನಡಕದಂಗಡಿಯಾಕೆ ಇದನ್ನೇ ನಗುತ್ತ ಕೇಳಿದಾಗ ಔಷಧಿ ಅಂಗಡಿಯವನಿಗೂ ಸಿಟ್ಟು ಬಂದಿತ್ತು.

ನಲವತ್ತು ದಾಟಿ, ಮಾತ್ರೆಯ ಹಾಳೆಯ ಮೇಲಿನ ಅಕ್ಷರಗಳು ಇರುವೆಸಾಲಿನಂತೆ ಹರಿದಾಡತೊಡಗಿದ ಮೇಲೆ ಅವನು ಎದುರು ಸಾಲಿನ ಆಕೆಯ ಅಂಗಡಿಗೆ ಹೋಗಿದ್ದ. ಆಕೆಗೊಂದು ಪದ್ಧತಿಯಿತ್ತು. ಓದುವ ಕನ್ನಡಕವನ್ನು ಪರೀಕ್ಷಿಸುವಾಗ, ಗಿರಾಕಿ ಮನೆಗೆ ತರಿಸದ ಪತ್ರಿಕೆಯನ್ನೇ ಅವನ ಕೈಗೆ ಕೊಡುತ್ತಿದ್ದಳು.

“ಈ ಪೇಪರನ್ನ ನಾನು ಮುಟ್ಟೋದೇ ಇಲ್ಲ ಕಣ್ರೀ. ಬರೀ ಸುಳ್ಳು.”

“ಓದಿದ್ದೀರಾ?”

“ಸುಳ್ಳು ಅಂತ ಗೊತ್ತಿರೋದನ್ನ ಯಾಕೆ ಓದ್ಲಿ?”

ಅವನ ಹುಬ್ಬಿನ ಹಟಮಾರಿ ಗಂಟನ್ನು ಕಂಡು ಆಕೆಯ ತುಟಿಯಂಚು ಕುಣಿಯಿತು. ಯಾರಿಗೂ ಸೋಲದವಳು ಅಂದು ಸೋತು, ಅವನ ನೆಚ್ಚಿನ ಪತ್ರಿಕೆಯನ್ನೇ ಕೊಟ್ಟಳು. ಅವನು ನೀರು ಕುಡಿದಂತೆ ಓದಿದ.

ಕನ್ನಡಕ ಕೈಗೆ ಬಂದ ಮರುದಿನವೇ ದಡದಡನೆ ಹಿಂದಿರುಗಿದ. “ಏನ್ರೀ ಇದು! ಮಾತ್ರೆ ಹೆಸರೇ ಕಾಣ್ತಿಲ್ಲ. ನಾನು ಯಾರಿಗಾದ್ರೂ ಏನಾದ್ರೂ ಕೊಟ್ಟುಬಿಟ್ರೆ?”

“ತಪ್ಪು ನನ್ನದೂ ಇದೆ, ನಿಮ್ಮ ಹಟಕ್ಕೆ ಕರಗಿಬಿಟ್ಟೆ. ಅವತ್ತು ನೀವು ಓದ್ಲೇ ಇಲ್ಲ. ಮೊದಲ ಪದ ಕಂಡ್ರೆ ಸಾಕು, ಮುಂದಿನದೆಲ್ಲ ನಿಮಗೆ ಬಾಯಿಪಾಠ.”

“ನಾನೇನು ಮಗ್ಗಿ ಒಪ್ಪಿಸೋ ಹುಡುಗನಾ?”

“ಹುಡುಗರು ಇಷ್ಟು ರೇಗಲ್ಲ,” ಎಂದು ಆಕೆ ಅವನ ಕಿವಿಯ ಮೇಲೆ ಹೊಸ ಗಾಜಿನ ಚೌಕಟ್ಟನ್ನು ಮೆಲ್ಲನೆ ಕೂರಿಸಿದಳು. ಬೆರಳು ಕೆನ್ನೆಗೆ ತಾಕಿದಾಗ ಅವನ ಸಿಟ್ಟಿಗೆ ನಿಲ್ಲಲು ನೆಲವೇ ಸಿಗಲಿಲ್ಲ. ಹತ್ತಿರದಿಂದ, ಇದೇ ಮೊದಲ ಸಲ ಸ್ಪಷ್ಟವಾಗಿ, ಆಕೆಯ ಕಣ್ಣಂಚಿನ ನಗೆಗೆರೆಗಳು ಕಂಡವು.

ಗಲಿಬಿಲಿಯನ್ನು ಮರೆಮಾಚಲೆಂದು ಅವನು ಕಂಕುಳಲ್ಲಿದ್ದ ತನ್ನ ಪತ್ರಿಕೆಯನ್ನು ಬಿಡಿಸಿದ. ಮುಖಪುಟದ ಚಿತ್ರದಲ್ಲಿ ಕಾರ್ಖಾನೆಯ ಗೇಟಿನ ಮುಂದೆ ಮುಷ್ಕರ. ಯುವಕನೊಬ್ಬನ ಎರಡೂ ಕೈಯಲ್ಲಿ ದೊಡ್ಡ ಕಲ್ಲು.

“ನೋಡಿ, ಇಂಥ ಪುಂಡರನ್ನ ಒಳಗೆ ಹಾಕಿ ಬೀಗ ಜಡೀಬೇಕು.”

ಆಕೆಯ ಕೈ ಹಿಂದೆ ಸರಿಯಿತು. “ಹಾಕಿದಾರೆ. ನಿನ್ನೆ ಸಂಜೆಯಿಂದ ಠಾಣೆಯಲ್ಲಿದ್ದಾನೆ. ಅವನು ನನ್ನ ತಮ್ಮ.”

ಆಡಿದ ಮಾತು, ಒಡೆದ ಮುತ್ತು! ಕ್ಷಮೆ ಕೇಳುವುದು ಸುಲಭವಿತ್ತು. ಆದರೆ ಆಕೆ ಕ್ಷಮೆಗಾಗಿ ಕಾಯುತ್ತಿರಲಿಲ್ಲ. ಅವನು ಮೇಜಿನ ಮೇಲಿದ್ದ, ಆಕೆ ದಿನವೂ ಓದುವ ಆ ಇನ್ನೊಂದು ಪತ್ರಿಕೆಯನ್ನು, ತಾನು ಎಂದೂ ಮುಟ್ಟದಿದ್ದುದನ್ನು, ತಾನಾಗಿ ಎತ್ತಿಕೊಂಡ.

ಅದೇ ಚಿತ್ರ, ಆದರೆ ಅಗಲವಾಗಿತ್ತು. ಯುವಕನ ಹಿಂದೆ ಆಂಬುಲೆನ್ಸೊಂದು ನಿಂತಿತ್ತು. ದಾರಿಗೆ ಅಡ್ಡವಿಟ್ಟಿದ್ದ ಕಲ್ಲನ್ನು ಅವನು ಪಕ್ಕಕ್ಕೆ ಸರಿಸುತ್ತಿದ್ದ. ತನ್ನ ಪತ್ರಿಕೆಯವರು ಚಿತ್ರದಿಂದ ಗಾಡಿಯನ್ನೇ ಕತ್ತರಿಸಿ ಎಸೆದು, ಒಬ್ಬ ಮನುಷ್ಯನ ಮಾನವನ್ನು ಮನೆಮನೆಗೆ ಹಂಚಿದ್ದರಲ್ಲ! ತಾನು ಅದನ್ನು ಬೆಳಗಿನ ಕಾಫಿಯೊಂದಿಗೆ ಗುಟುಕರಿಸಿದ್ದೆನಲ್ಲ!

ತಲೆತಗ್ಗಿಸಿಯೇ ಅವನು ವರದಿಯನ್ನು ಕೊನೆಯವರೆಗೆ ಓದಿದ. ಆಮೇಲೆ ಮೆಲ್ಲನೆ ಕೇಳಿದ: “ಗೇಟಿನ ಕಾವಲುಗಾರನ ವಿಷಯ ಇದರಲ್ಲಿ ಒಂದಕ್ಷರವೂ ಇಲ್ವಲ್ಲ? ಕಲ್ಲೇಟಿಗೆ ಅವರ ಹಣೆ ಒಡೆದಿತ್ತು. ನಿನ್ನೆ ಪಟ್ಟಿ ಕಟ್ಟಿದ್ದು ನಾನೇ.”

ಆಕೆ ಪತ್ರಿಕೆಯನ್ನು ತನ್ನತ್ತ ತಿರುಗಿಸಿಕೊಂಡಳು. “ಯಾರಿಗೂ ಪೆಟ್ಟಾಗಿಲ್ಲ ಅಂತ ಇತ್ತು. ನಾನು ನಂಬಿದ್ದೆ. ನಂಬೋಕೆ ಹಿತವಾಗಿತ್ತು.”

“ನನಗೂ ಹಾಗೇ.”

ಇಬ್ಬರೂ ಬಾಗಿಲು ಎಳೆದುಕೊಂಡು ಕಾವಲುಗಾರನ ಮನೆಗೆ ನಡೆದರು. ಕಿಟಕಿಯ ಪಕ್ಕ ಮಲಗಿದ್ದ ಮುದುಕ ಚಿತ್ರ ನೋಡಿದವನೇ ಗದರಿದ: “ಈ ಹುಡುಗ ನನ್ನ ಕಣ್ಣೆದುರಿಗೇ ಇದ್ದ. ಕಲ್ಲು ಬಂದಿದ್ದು ಪಕ್ಕದ ಗೋಡೆ ಕಡೆಯಿಂದ. ನನ್ನನ್ನ ಒಬ್ಬರಾದ್ರೂ ಕೇಳಿದ್ರಾ? ನಡೀರಿ, ಠಾಣೆಯಲ್ಲೇ ಹೇಳ್ತೀನಿ.”

ಸಂಜೆ ತಮ್ಮ ಹೊರಬಂದ. ಅಕ್ಕನ ಹೆಗಲಿಗೆ ಮುಖ ಒತ್ತಿಕೊಂಡು ಅತ್ತು, ಪಕ್ಕದಲ್ಲಿದ್ದ ಅಪರಿಚಿತನನ್ನು ನೋಡಿ, “ಇವರು ಯಾರಕ್ಕಾ?” ಎಂದ.

“ನನ್ನ ಗಿರಾಕಿ. ತುಂಬ ಜಗಳಗಂಟ.”

ತಮ್ಮ ಮುದುಕನನ್ನು ಕೈಹಿಡಿದು ಮುಂದೆ ನಡೆಸಿಕೊಂಡು ಹೋದ. ಇವರಿಬ್ಬರೂ ಬೇಕೆಂದೇ ಹಿಂದುಳಿದರು.

“ನಾಳೆಯಿಂದ ದಿನಾ ನನ್ನ ಪೇಪರ್ ತರ್ತೀನಿ,” ಎಂದ ಅವನು. “ನೀವು ಅದನ್ನ ಓದಿ, ನಾನು ನಿಮ್ಮದನ್ನ ಓದ್ತೀನಿ.”

“ಎಷ್ಟು ದಿನ?”

“ಕಣ್ಣು ಕಾಣೋವರೆಗೆ.”

“ಆಮೇಲೆ?”

“ಆಮೇಲೆ ನೀವು ಓದಿ ಹೇಳಿ. ನಾನು ಜಗಳ ಆಡ್ತೀನಿ.”

ಆಕೆ ನಕ್ಕಳು. ಅವನ ಮೂಗಿನಿಂದ ಜಾರುತ್ತಿದ್ದ ಕನ್ನಡಕವನ್ನು ಬೆರಳಿನಿಂದ ಮೇಲೆ ನೂಕಿ, ಅದೇ ಕೈಯನ್ನು ಅವನ ಕೈಯೊಳಗಿಟ್ಟಳು.

ಓದುಗರೇ, ನಾಳೆ ಬೆಳಿಗ್ಗೆ ನೀವು ಒಲ್ಲದ ಪತ್ರಿಕೆಯನ್ನೂ ಒಂದು ಕೊಂಡು ತನ್ನಿ. ಎರಡರಲ್ಲೂ ಹೆಸರಿಲ್ಲದೆ ಉಳಿದವನು ಯಾರೆಂದು ಹುಡುಕಿ, ಆತನ ಬಾಗಿಲು ತಟ್ಟಿ. ಆದರೆ ಒಬ್ಬರೇ ಹೋಗಬೇಡಿ. ನಿಮ್ಮೊಡನೆ ಜಗಳವಾಡುವವರ ಕೈ ಹಿಡಿದುಕೊಂಡು ಹೋಗಿ.