ಹಾಡಿನೊಳಗಿನ ಹೊಲಿಗೆ ಯಂತ್ರ

ಬೆಳಿಗ್ಗೆ 8.10. ಠಾಣೆ ಗುಡಿಸುವವಳು ರಜೆ ಹಾಕಿದ್ದರಿಂದ ಇನ್ಸ್‌ಪೆಕ್ಟರ್ ಮೇಡಂ ತಾವೇ ಮೇಜು ಒರೆಸುತ್ತಿದ್ದರು. ಒದ್ದೆ ಬಟ್ಟೆ ಕೈಯಲ್ಲಿರುವಾಗಲೇ ಟೈಲರಮ್ಮ ಎಂಟು ವರ್ಷದ ಮಗಳೊಂದಿಗೆ ಒಳಗೆ ಬಂದಳು.

"ಹಾರ್ಡ್ ಡಿಸ್ಕ್ ಕಳುವಾಗಿದೆ ಮೇಡಂ. ನಮ್ಮನೆಯವರ ಹಾಡೆಲ್ಲ ಅದರಲ್ಲೇ ಇತ್ತು."

"ಹಾಡಾ? ನೆಟ್ಟಲ್ಲಿ ರಾಶಿ ಬಿದ್ದಿದೆಯಲ್ಲಮ್ಮ," ಹೆಡ್ ಕಾನ್‌ಸ್ಟೇಬಲ್ ನಕ್ಕ.

"ಅವರು ಹೋಗಿ ಏಳು ತಿಂಗಳಾಯ್ತು. ಅವರೇ ಹಾಡಿದ್ದು. ಯಾವ ನೆಟ್ಟಲ್ಲಿದೆ ತೋರಿಸಿ."

ಮೇಡಂ ಅವನನ್ನು ದುರುಗುಟ್ಟಿ ನೋಡಿದರು. "ನಕ್ಕಿದ್ದು ಸಾಕು, ಬರ್ಕೊಳ್ಳಿ."

8.35ಕ್ಕೆ ಎಫ್‌ಐಆರ್ ದಾಖಲಾಯಿತು.

"ಫೋನಲ್ಲಿ ಇನ್ನೊಂದು ಪ್ರತಿ?"

"ಇಲ್ಲ. ಇದಕ್ಕೆಲ್ಲ ನಾನು ಹೊಸಬಳು. ಕಾಪಿ ಮಾಡೋ ಬದ್ಲು ಫೋನಿಂದ ಕಟ್ ಮಾಡಿ ಡಿಸ್ಕಿಗೆ ಹಾಕ್ಬಿಟ್ಟೆ. ಎಲ್ಲ ಒಂದೇ ಕಡೆ ಅಚ್ಚುಕಟ್ಟಾಗಿರ್ಲಿ ಅಂತ."

"ಕಲಿಸಿದ್ದು ಯಾರು?"

"ಮೈದುನ. ಅವರ ತಂಡದಲ್ಲೇ ಹಾಡ್ತಾನೆ. ಅವನನ್ನ ಅನುಮಾನಿಸ್ಬೇಡಿ, ಹುಡುಕೋಕೆ ನನಗಿಂತ ಜಾಸ್ತಿ ಓಡಾಡಿದಾನೆ."

10.20ಕ್ಕೆ ಮನೆಯಲ್ಲಿ ಪಂಚನಾಮೆ. ಬಾಗಿಲ ಬೀಗ, ಡಿಸ್ಕ್ ಇಟ್ಟಿದ್ದ ಬೀರುವಿನ ಬೀಗ ಎರಡೂ ಸರಿಯಾಗಿದ್ದವು. ಕೀಲಿಯ ಜಾಗ ಮನೆಯವರಿಗಷ್ಟೇ ಗೊತ್ತು.

ಬೆಳಗಿನ ನಗುವಿಗೆ ನಾಚಿದ್ದ ಹೆಡ್ ಕಾನ್‌ಸ್ಟೇಬಲ್ ಮಧ್ಯಾಹ್ನ ಊಟ ಬಿಟ್ಟು ಫೋನಿನಲ್ಲಿ ಮೈದುನನ ಹೆಸರು ಜಾಲಾಡಿದ. ಎರಡು ದಿನದ ಹಿಂದೆ ಅವನು ನೆಟ್ಟಿಗೆ ಹಾಕಿದ ಹಾಡೊಂದು ಸಿಕ್ಕಿತು. 'ನಾನು ಹಾಡಿದ ಮೊದಲ ಹಾಡು' ಎಂದು ಬರೆದಿತ್ತು. ಟೈಲರಮ್ಮನಿಗೆ ಕೇಳಿಸಿದರು.

"ಹಿಂದೆ ಟಕಟಕ ಅಂತಿದೆಯಲ್ಲ, ಅದು ನನ್ನ ಮಿಷನ್. ಅವತ್ತು ನಮ್ಮನೆಯವರು ಹಾಡ್ವಾಗ ಪಕ್ಕದಲ್ಲೇ ಕಾಲರ್ ಹೊಲೀತಿದ್ದೆ. ಈಗ ದಾರ ತುಂಡಾಗುತ್ತೆ, ಕೇಳಿ."

ಟಕಟಕ ನಿಂತಿತು. ಹಾಡು ಮುಂದುವರಿಯಿತು.

ಮೇಡಂಗೆ ಮೈ ಉರಿದುಹೋಯಿತು. ಸತ್ತ ಅಣ್ಣನ ದನಿಗೆ ತನ್ನ ಹೆಸರು ಅಂಟಿಸಿ, ಅತ್ತಿಗೆಯ ಜೊತೆ ಮಂಚದಡಿ ಬಗ್ಗಿ ಹುಡುಕುವ ನಾಟಕವಾಡಿದ್ದನಲ್ಲ.

4.15ಕ್ಕೆ ತಂಡದ ಅಭ್ಯಾಸದ ಕೋಣೆಯಲ್ಲಿ, ಗಿಟಾರ್ ಚೀಲದೊಳಗೆ ಡಿಸ್ಕ್ ಸಿಕ್ಕಿತು.

"ಯಾರದಿದು?"

"ಅತ್ತಿಗೆದು."

"ಒಳಗಿರೋ ದನಿ?"

ಅವನು ನೆಲ ನೋಡಿದ. "ಅಣ್ಣಂದು."

4.50ಕ್ಕೆ ಬಂಧನ. ಹೇಳಿಕೆ ಒಂದೇ ಪುಟದಲ್ಲಿ ಮುಗಿಯಿತು. ಇಪ್ಪತ್ತು ವರ್ಷ ಅಣ್ಣನ ಬೆನ್ನ ಹಿಂದೆ ನಿಂತು ಪಲ್ಲವಿಗೆ ದನಿಗೂಡಿಸಿದ್ದ. ನೀನೂ ಒಂದು ಹಾಡಪ್ಪ ಎಂದು ಯಾರೂ ಕರೆದಿರಲಿಲ್ಲ. ಒಂದು ಸಲವಾದರೂ ಚೆನ್ನಾಗಿ ಹಾಡಿದೆ ಅನ್ನಿಸಿಕೊಳ್ಳಬೇಕೆನಿಸಿತ್ತು.

ಠಾಣೆಯಲ್ಲಿ ಮಗು ಅಮ್ಮನ ಕೈ ಬಿಡಿಸಿಕೊಂಡು ಲಾಕಪ್ಪಿನ ಕಂಬಿಯ ಬಳಿ ಹೋಯಿತು.

"ಚಿಕ್ಕಪ್ಪ, ನಿಂಗೆ ಕಾಪಿ ಮಾಡೋಕೆ ಬರ್ತಿತ್ತಲ್ಲ. ನಮಗೊಂದು ಯಾಕೆ ಬಿಟ್ಟು ಹೋಗ್ಲಿಲ್ಲ?"