ಹುಳಿ ಬಿದ್ದ ಮೇಲೆ ಕೆಂಪು

"ಆ ಲೋಟ ಕೆಳಗಿಟ್ಟು ಹೋದ್ರ ನೋಡ್ರಿ ಮತ್ತ!"

ಯುಗಾದಿಗೆ ಸೇರಿದ್ದ ಮಂದಿಯೆಲ್ಲ ತಿರುಗಿ ನೋಡಿದರು. ಹೊಸಪೇಟೆಯ ಅಕ್ಕಿ ಗಿರಣಿಯ ಅಂದಾನಪ್ಪನವರ ಮಗಳು ವಿರುಪಮ್ಮ ಗಂಡಸೊಬ್ಬನ ಮೇಲೆ ಹೀಗೆ ದನಿ ಏರಿಸಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಹೊಸ್ತಿಲ ಬಳಿ ಲೋಟ ಹಿಡಿದು ಮರಿಸ್ವಾಮಿ ನಿಂತಿದ್ದ. ಕಂಪ್ಲಿಯ ಹೊಳೆದಂಡೆಯಲ್ಲಿ ಪುಟ್ಟ ಬಾಳೆತೋಟ ಅವನದು. ಪ್ರತಿ ಯುಗಾದಿಗೂ ಈ ಮನೆಯ ಪಾನಕಕ್ಕೆ ಬುಟ್ಟಿ ತುಂಬ ಕೆಂಪು ದಾಸವಾಳ ತಂದುಕೊಡುವವನು ಅವನೇ.

ಹೋದ ತಿಂಗಳು ಕಾಲುವೆಯ ಮೆಟ್ಟಿಲ ಮೇಲೆ ಅವನು ಕೇಳಿದ್ದ, "ನನ್ನ ಮದುವಿ ಆಗ್ತೀಯೇನು?"

"ಹಬ್ಬದ ದಿನ ಹೇಳ್ತೀನಿ. ಎಲ್ಲಾರ ಮುಂದ!" ಎಂದಿದ್ದಳು ವಿರುಪಮ್ಮ.

ಆದರೆ ಅಪ್ಪ ಬೇರೆಯೇ ಗೊತ್ತು ಮಾಡಿದ್ದರು. ಸಂಡೂರಿನ ಅದಿರು ಕಾಂಟ್ರಾಕ್ಟರನ ಮಗ ಉಜ್ಜಿನಪ್ಪ ಜರಿ ರುಮಾಲು ಸುತ್ತಿ ಗಾದಿಯ ಮೇಲೆ ಕೂತಿದ್ದ. ಆ ಮನೆಯಲ್ಲಿ ಬಂದವರಿಗೆಲ್ಲ ಮುತ್ತುಗದ ಹೂವಿನ ಹಳದಿ ಪಾನಕ, ಪುದೀನದ ಹಸಿರು ಪಾನಕ. ಕೆಂಪು ಮನೆಯವರಿಗೆ ಮಾತ್ರ; ಹೊರಗಿನವರಲ್ಲಿ ಅಳಿಯನಾಗುವವನಿಗಷ್ಟೇ, ಅದೂ ಮಗಳ ಕೈಯಿಂದ!

"ಕೆಂಪು ಉಜ್ಜಿನಪ್ಪಗ ಕೊಡು," ಎಂದು ಅಪ್ಪ ಬೆಳಿಗ್ಗೆಯೇ ಕಟ್ಟಪ್ಪಣೆ ಮಾಡಿದ್ದರು.

ನನ್ನನ್ನು ಒಂದು ಮಾತು ಕೇಳಿದರಾ...? ಬಿಸಿನೀರಿಗೆ ದಾಸವಾಳ ಹಾಕುತ್ತ ಅವಳೂ ಒಳಗೊಳಗೇ ಕುದಿದಿದ್ದಳು.

ಈಗ ಉಜ್ಜಿನಪ್ಪನ ಕೈಗೆ ಹಳದಿ ಕೊಟ್ಟು, ಮದರಾಸಿನಿಂದ ತರಿಸಿದ ಗಾಜಿನ ಲೋಟವನ್ನು ಮರಿಸ್ವಾಮಿಗೆ ಕೊಟ್ಟಿದ್ದಳು. ಅದರಲ್ಲಿದ್ದದ್ದು ಕೆಂಪಲ್ಲ, ಮಂಕು ನೇರಳೆ! ಅವನ ಮುಖ ಬಾಡಿತ್ತು; ಹೊರಡಲು ತಿರುಗಿದ್ದ.

"ತಿಳೀತು ಬಿಡು. ಕೆಂಪು ನನ್ನ ಹಣ್ಯಾಗ ಬರ್ದಿಲ್ಲ."

"ಏನ್ ತಿಳೀತು ನಿಮಗ? ಹೂ ತರೋದು ಗೊತ್ತು, ಪಾನಕ ಮಾಡೋದು ಗೊತ್ತಿಲ್ಲ! ಯವ್ವಾ, ನಿಂಬಿಹಣ್ಣು ಕೊಡು!"

ಅಂದಾನಪ್ಪ ಎದ್ದು ನಿಂತರು. "ಕೊಟ್ರಮ್ಮ, ಹೊರಗ ಬರಬ್ಯಾಡ!"

ಗಂಡನಿಗೆ ಎಂದೂ ಎದುರಾಡದ ಕೊಟ್ರಮ್ಮ ನಿಂಬೆಯ ಹೋಳು ತಂದು ಮಗಳ ಅಂಗೈಯಲ್ಲಿಟ್ಟರು.

ವಿರುಪಮ್ಮ ಅವನ ಲೋಟಕ್ಕೇ ಹಿಂಡಿದಳು. ನೋಡನೋಡುತ್ತ ನೇರಳೆ ಹೋಗಿ ಲೋಟದ ತುಂಬ ಕೆಂಪು! ಹುಳಿ ಬೀಳುವ ತನಕ ದಾಸವಾಳದ ನೀರಿಗೆ ಆ ಬಣ್ಣ ಬರುವುದಿಲ್ಲ. ಅಡುಗೆಮನೆಯಲ್ಲೇ ಮುಗಿಯುತ್ತಿದ್ದ ಆ ಕೊನೆಯ ಕೆಲಸವನ್ನು ಹೂ ತರುವವನೂ ಕಂಡಿರಲಿಲ್ಲ. ಎಲ್ಲರ ಕಣ್ಣೆದುರೇ ಹಿಂಡಬೇಕೆಂದು ಇವತ್ತು ಅವಳು ಬೇಕಂತಲೇ ಉಳಿಸಿಕೊಂಡಿದ್ದಳು.

"ಮಂದಿ ಮುಂದ ನನ್ನ ಮಾನ ಕಳದಿ..." ಅಪ್ಪನ ದನಿ ಒಡೆಯಿತು.

"ಮಂದಿ ಮುಂದ ಹೇಳಲಿಲ್ಲಂದ್ರ ನೀವು ಕೇಳ್ತಿದ್ದಿಲ್ಲ, ಅಪ್ಪಾ. ನನ್ನ ಗಂಡ ಆಗೋರು ಇವರ!"

ಉಜ್ಜಿನಪ್ಪ ಹಳದಿ ಲೋಟ ಕೆಳಗಿಟ್ಟು, ರುಮಾಲು ಸರಿಮಾಡಿಕೊಂಡು ಹೊರಟುಹೋದ.

"ಹೋಗು ನೀನೂ! ಈ ಹೊಸ್ತಿಲಾ ಮತ್ತ ತುಳಿಬ್ಯಾಡ!" ಅಂದಾನಪ್ಪ ಮಗಳ ಮೇಲೆ ಗುಡುಗಿದರು.

ಅವಳ ಕಣ್ಣು ತುಂಬಿತು. ತಲೆ ಮಾತ್ರ ಬಾಗಲಿಲ್ಲ.

"ಬರೋ ಯುಗಾದಿಗೆ ಬರ್ತೀನಿ ಅಪ್ಪಾ. ಕೆಂಪು ಮಾಡೋರು ಬೇಕಲ್ಲ ನಿಮಗ."

ಅಂದಾನಪ್ಪ ಮುಖ ತಿರುಗಿಸಿದರು. ಬ್ಯಾಡ ಅನ್ನಲಿಲ್ಲ.

ಮರಿಸ್ವಾಮಿ ಗಟಗಟ ಕುಡಿದು ಮುಖ ಕಿವುಚಿದ.

"ಹುಳಿ ಭಾಳ ಆತೇನ್ರಿ?" ಅವಳು ಮೆಲ್ಲಗೆ ಕೇಳಿದಳು.

"ಭಾಳ ಆತು..."

"ಹಂಗಾರ ಬ್ಯಾಡೇನು?"

"ಬೇಕು ವಿರುಪಿ. ಇರೋತನಕ ಇಷ್ಟ ಹುಳಿ ಇರಲಿ."